ಓದಿದರೆ ಅರ್ಥ ಆಗುತ್ತೆ, ಕೇಳಿದರೆ ಏನೂ ತಿಳಿಯಲ್ಲ: ಸೊನ್ನೆಯಿಂದ ಫ್ರೆಂಚ್

ಪ್ರಶ್ನೆ: ಡಿಗ್ರಿ ಮೊದಲ ವರ್ಷದಲ್ಲಿ ಫ್ರೆಂಚ್ ತೆಗೆದುಕೊಂಡಿದ್ದೇನೆ. ಅದಕ್ಕೆ ಮೊದಲು ಆ ಭಾಷೆಯ ಒಂದು ಪದವೂ ಗೊತ್ತಿರಲಿಲ್ಲ. ಆರು ವಾರ ಆಯಿತು. ಪುಸ್ತಕ ನೋಡಿದರೆ ಅಲ್ಪಸ್ವಲ್ಪ ಅರ್ಥ ಆಗುತ್ತದೆ, ಆದರೆ ಮೇಡಂ ಬಾಯಿ ತೆರೆದರೆ ಏನೂ ತಲೆಗೆ ಹೋಗುವುದಿಲ್ಲ. ಅವರು ಪೂರ್ತಿ ಫ್ರೆಂಚಲ್ಲೇ ಮಾತಾಡುತ್ತಾರೆ. ಪಕ್ಕದಲ್ಲಿ ಕೂರುವವಳು ಸ್ಕೂಲಲ್ಲೇ ಎರಡು ವರ್ಷ ಕಲಿತು ಬಂದವಳು. ಬಿಟ್ಟುಬಿಡಲಾ?

ಉತ್ತರ: ಈಗಲೇ ಬೇಡ. ಲೆಕ್ಕ ಹಾಕಿ ನೋಡಿ. ವಾರಕ್ಕೆ ನಾಲ್ಕು ಗಂಟೆ ಕ್ಲಾಸ್ ಅಂದುಕೊಂಡರೂ ನಿಮಗೆ ಆಗಿರುವುದು ಬರೀ 24 ಗಂಟೆ. ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ಮಟ್ಟಗಳಲ್ಲಿ ತೀರಾ ಮೊದಲ ಮೆಟ್ಟಿಲಾದ ಎ1 ಮುಟ್ಟುವುದಕ್ಕೇ ಸಾಮಾನ್ಯವಾಗಿ 60ರಿಂದ 100 ಗಂಟೆ ಪಾಠ ಬೇಕಾಗುತ್ತದೆ. ಅಂದರೆ ನೀವು ಹಿಂದೆ ಬಿದ್ದಿಲ್ಲ, ಸುಮ್ನೆ ಪಕ್ಕದವಳನ್ನು ನೋಡಿ ಗಾಬರಿಯಾಗಿದ್ದೀರಿ.

ಕಿವಿಯ ಕಷ್ಟ ಮಾತ್ರ ನಿಜ. ಕನ್ನಡದಲ್ಲಿ ಬರೆದ ಹಾಗೆ ಓದಿ ಬೆಳೆದವರು ನಾವು, ಬರೆದ ಅಕ್ಷರವೆಲ್ಲ ಬಾಯಲ್ಲಿ ಬರಬೇಕು ಅಂತ ನಮ್ಮ ತಲೆ ಕಾಯುತ್ತಿರುತ್ತದೆ. ಫ್ರೆಂಚಲ್ಲಿ ಪದದ ಬಾಲ ಎಷ್ಟೋ ಸಲ ಬರೆಯುವುದಕ್ಕಷ್ಟೇ. ‘ಮಾತಾಡು’ ಅನ್ನುವ ಕ್ರಿಯಾಪದ ತೆಗೆದುಕೊಳ್ಳಿ. ನಾನು, ನೀನು, ಅವನು, ಅವರು, ಈ ನಾಲ್ಕಕ್ಕೆ ಪುಸ್ತಕದಲ್ಲಿ ಮೂರು ಬೇರೆ ಬೇರೆ ಬರವಣಿಗೆ ಇದೆ, ‘ಅವರು’ ರೂಪದ ಕೊನೆಯಲ್ಲಂತೂ ಇ-ಎನ್-ಟಿ ಅಂತ ಮೂರು ಅಕ್ಷರ ಕೂತಿರುತ್ತವೆ. ಬಾಯಲ್ಲಿ ನಾಲ್ಕೂ ಒಂದೇ: ‘ಪಾರ್ಲ್’. ನೀವು ಆ ಬಾಲಕ್ಕಾಗಿ ಕಾಯುತ್ತಿರುವಾಗ ಮೇಡಂ ಮುಂದಿನ ವಾಕ್ಯಕ್ಕೆ ಹೋಗಿರುತ್ತಾರೆ.

ಇನ್ನೊಂದು ತೊಡಕು ಪದಗಳು ಅಂಟಿಕೊಳ್ಳುವುದು. ಇದಕ್ಕೆ ಹೆದರುವವರಿಗೆ ನಾನು ಹೈಸ್ಕೂಲಿನ ಸಂಧಿ ಪಾಠ ನೆನಪಿಸುತ್ತೇನೆ. ಊರು, ಅಲ್ಲಿ ಸೇರಿ ‘ಊರಲ್ಲಿ’ ಆಗುವಾಗ ‘ಉ’ ಬಿದ್ದುಹೋಗುತ್ತದೆ ಅಲ್ವಾ? ‘ಲ’ (ಇಂಗ್ಲಿಷಿನ ‘ದ’ ಇದ್ದ ಹಾಗೆ), ‘ಆಮಿ’ ಸೇರಿ ‘ಲಾಮಿ’ (ಗೆಳೆಯ) ಆಗುವುದೂ ಅದೇ ಲೋಪಸಂಧಿ. ಬಹುವಚನಕ್ಕೆ ಬನ್ನಿ: ಅಲ್ಲಿ ‘ಲ’ ಬದಲು ಬರುವ ‘ಲೆ’ ಪದದ ಕೊನೆಯಲ್ಲಿ ಒಂದು ಎಸ್ ಸುಮ್ಮನೆ ಮಲಗಿರುತ್ತದೆ, ಮುಂದೆ ಸ್ವರ ಬಂದ ಕೂಡಲೇ ಎದ್ದು ‘ಲೆಜ಼ಾಮಿ’ ಅನ್ನಿಸುತ್ತದೆ. ನಾವು ‘ಮನೆಯನ್ನು’ ಅನ್ನುವಾಗ ನಡುವೆ ‘ಯ’ ತರುವುದಿಲ್ಲವೇ, ಹೆಚ್ಚುಕಡಿಮೆ ಹಾಗೇ. ಕನ್ನಡದವರಿಗೆ ಇದು ಹೊಸ ವಿದ್ಯೆಯೇನಲ್ಲ. ‘ತ್ಯು’, ‘ವು’ ಬಗ್ಗೆಯೂ ಅಷ್ಟೇ, ನೀನು-ನೀವು ಗೊತ್ತಿರುವವರಿಗೆ ಯಾರನ್ನು ಹೇಗೆ ಮಾತಾಡಿಸಬೇಕು ಅಂತ ಬೇಗ ಅಂದಾಜಾಗುತ್ತದೆ.

ಈಗ ಒಂದು ಬೈಗುಳ. ನಿಮ್ಮ ನೋಟ್‌ಬುಕ್ಕಲ್ಲಿ ಉಚ್ಚಾರಣೆಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೀರಾ? ನಿಲ್ಲಿಸಿ. (ನಾನು ಇಲ್ಲಿ ಅದನ್ನೇ ಮಾಡುತ್ತಿದ್ದೇನೆ, ಬೇರೆ ದಾರಿಯಿಲ್ಲ.) ‘ಮೇಲೆ’, ‘ಕೆಳಗೆ’ ಅನ್ನುವುದಕ್ಕೆ ಅವರಲ್ಲಿರುವ ಎರಡು ಪದಗಳಿಗೆ ವ್ಯತ್ಯಾಸ ಕೊನೆಯ ಒಂದೇ ಒಂದು ಸ್ವರದಲ್ಲಿ. ನಾನು ಎರಡನ್ನೂ ‘ಓ ದಸು’ ಅಂತಲೇ ಬರೆದುಕೊಂಡಿದ್ದೆ. ಇಡೀ ಸೆಮಿಸ್ಟರ್ ನನ್ನ ಪುಸ್ತಕ ಮೇಜಿನ ಮೇಲಿದೆಯೋ ಕೆಳಗಿದೆಯೋ ಯಾರಿಗೂ ತಿಳಿಯಲಿಲ್ಲ. ‘ಕೆಳಗೆ’ಯಲ್ಲಿರುವುದು ನಮ್ಮ ‘ಊ’. ‘ಮೇಲೆ’ಗೆ ಹೀಗೆ ಮಾಡಿ: ‘ಈ’ ಅನ್ನಿ, ನಾಲಿಗೆ ಅಲ್ಲೇ ಇರಲಿ, ತುಟಿ ಮಾತ್ರ ಶಿಳ್ಳೆ ಹೊಡೆಯುವ ಹಾಗೆ ಮುಂದೆ ತನ್ನಿ. ಕನ್ನಡಿ ಮುಂದೆ ಒಬ್ಬರೇ ನಿಂತು ಮಾಡಿ, ಮುಖ ವಿಚಿತ್ರವಾಗಿಯೇ ಕಾಣುತ್ತದೆ.

ದಿನದ ಕೆಲಸ ಇಷ್ಟು. ಪಾಠದ ಆಡಿಯೋದಿಂದ ಅರ್ಧ ನಿಮಿಷದ ಒಂದು ತುಂಡು ತೆಗೆದುಕೊಳ್ಳಿ. ಪುಸ್ತಕ ಮುಚ್ಚಿ ಮೂರು ಸಲ ಕೇಳಿ, ಕೇಳಿದ್ದನ್ನು ತಪ್ಪೋ ಸರಿಯೋ ಬರೆಯಿರಿ, ಆಮೇಲೆ ಪುಸ್ತಕ ತೆರೆದು ಹೋಲಿಸಿ, ಕೊನೆಗೆ ಆಡಿಯೋ ಜೊತೆಗೇ ಜೋರಾಗಿ ಹೇಳಿ. ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ. ಭಾನುವಾರ ಒಟ್ಟಿಗೆ ಮೂರು ಗಂಟೆ ಕೂರುವುದರಿಂದ ಕಿವಿ ಪಳಗುವುದಿಲ್ಲ. ಪಾಠದ ಆಡಿಯೋ ಬೇಸರ ಬಂದರೆ ಟಿವಿ5ಮೊಂದ್ ಸೈಟಲ್ಲಿ ಎ1 ಮಟ್ಟದ ವಿಡಿಯೋ, ಅಭ್ಯಾಸ ಎಲ್ಲ ಉಚಿತ. ಆರ್‌ಎಫ್‌ಐ ರೇಡಿಯೋದ ಸುಲಭ ಫ್ರೆಂಚ್ ವಾರ್ತೆ ಚೆನ್ನಾಗಿದೆ, ಹತ್ತೇ ನಿಮಿಷ, ಬರಹವೂ ಜೊತೆಗೆ ಸಿಗುತ್ತದೆ. ಆದರೆ ಹೆಸರು ನೋಡಿ ಮೋಸ ಹೋಗಬೇಡಿ, ಅದು ಎರಡನೇ ವರ್ಷದ ಮಾತು.

ಲಿಂಗದ ವಿಷಯ. ನಮಗೆ ಮೇಜು, ಕುರ್ಚಿ ಎಲ್ಲ ‘ಅದು’. ಅವರಿಗೆ ಮೇಜು ಹೆಣ್ಣು, ಪುಸ್ತಕ ಗಂಡು, ನಾವು ‘ಬಂದ’ ಅನ್ನುವ ಚಂದ್ರನೂ ಹೆಣ್ಣು. ಕಾರಣ ಹುಡುಕಬೇಡಿ. ‘ಮೇಜು ಅಂದರೆ ತಾಬ್ಲ್’ ಅಂತ ಕಲಿಯದೆ ‘ಲಾ ತಾಬ್ಲ್’ ಅಂತ ಜೋಡಿಯಾಗಿಯೇ ಕಲಿಯಿರಿ, ‘ಲಾ’ ಅನ್ನುವುದು ಹೆಣ್ಣು ಪದಗಳ ಮುಂದೆ ಬರುವ ‘ಲ’. ಟಿ-ಐ-ಒ-ಎನ್ ಅಂತ ಮುಗಿಯುವ ಪದಗಳು ಹೆಚ್ಚುಕಡಿಮೆ ಎಲ್ಲ ಹೆಣ್ಣು, ಇಂಗ್ಲಿಷಿಂದ ನಿಮಗೆ ಗೊತ್ತಿರುವ ನೂರಾರು ಪದ ಅಲ್ಲೇ ಸಿಕ್ಕಿಬಿಡುತ್ತವೆ.

ಪಕ್ಕದವಳ ಬಗ್ಗೆ: ಅವಳ ಪಕ್ಕದಲ್ಲೇ ಕೂತುಕೊಳ್ಳಿ, ಜೋಡಿ ಮಾತುಕತೆ ಬಂದಾಗ ಅವಳ ಜೊತೆಗೇ ಮಾಡಿ.

ಪ್ರಶ್ನೆ: ಹೋಂವರ್ಕನ್ನು ಟ್ರಾನ್ಸ್‌ಲೇಶನ್ ಆ್ಯಪಲ್ಲಿ ಹಾಕಿ ಬರೆದರೆ ತಪ್ಪಾ? ಮುಂದೆ ಡೆಲ್ಫ್ (ಫ್ರೆಂಚ್ ಭಾಷಾ ಪರೀಕ್ಷೆ) ಬರೆಯುವ ಆಸೆ ಇದೆ.

ಉತ್ತರ: ಮೊದಲು ಸ್ವಂತವಾಗಿ ಬರೆದು, ಆಮೇಲೆ ಆ್ಯಪ್ ಜೊತೆ ಹೋಲಿಸಿದರೆ ಲಾಭ. ನೇರ ಇಳಿಸಿದರೆ ಮೇಡಂಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ, ಯಾಕೆಂದರೆ ಎರಡನೇ ತಿಂಗಳಲ್ಲಿ ಯಾರೂ ಸಬ್‌ಜಂಕ್ಟಿವ್ (ಆಸೆ, ಸಂದೇಹ ಹೇಳುವಾಗ ಬರುವ ಕಷ್ಟದ ಕ್ರಿಯಾರೂಪ) ಬಳಸುವುದಿಲ್ಲ. ಡೆಲ್ಫಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕಕ್ಕೂ ತಲಾ 25 ಅಂಕ. ನೂರಕ್ಕೆ 50 ಬಂದರೆ ಪಾಸು, ಆದರೆ ಯಾವುದರಲ್ಲೂ 5ಕ್ಕಿಂತ ಕಡಿಮೆ ಬರುವ ಹಾಗಿಲ್ಲ. ಕೇಳುವ ಭಾಗದಲ್ಲಿ ಆ್ಯಪ್ ಕೈಯಲ್ಲಿರುವುದಿಲ್ಲ, ಹಾಗಾಗಿ ಮೇಲೆ ಹೇಳಿದ ಇಪ್ಪತ್ತು ನಿಮಿಷ ನಿಮಗೂ ಅನ್ವಯ.