ಆಷಾಢದಲ್ಲಿ ಅಂಟಿಸಿದ ಹಡಗು

ಕೈಕೆಲಸ: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಪ್ರಶ್ನೆ: ನಮಸ್ಕಾರ ಮೇಷ್ಟ್ರೇ. ನಾನು ಸಕಲೇಶಪುರದ ಕಡೆ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದು ನಿವೃತ್ತನಾದವನು. ಒಂದು ವರ್ಷದಿಂದ ‘ಕಟಿ ಸಾರ್ಕ್’ ಎಂಬ ಹಳೆಯ ಹಾಯಿಹಡಗಿನ ಮಾದರಿಯನ್ನು ಕಟ್ಟುತ್ತಿದ್ದೇನೆ. ಮೂಲದ 96 ಅಡಿಗೆ ಮಾದರಿಯಲ್ಲಿ ಒಂದು ಅಡಿ, ಆ ಲೆಕ್ಕ. ಮೈಗೆ ಸಿಲ್ವರ್ ಓಕ್ ಪಟ್ಟಿಗಳನ್ನು ಕಳೆದ ಆಷಾಢದಲ್ಲಿ ಅಂಟಿಸಿದೆ. ಆಗ ಕೂದಲೂ ತೂರದಷ್ಟು ಬಿಗಿಯಾಗಿತ್ತು. ಶಿವರಾತ್ರಿ ಕಳೆದ ಮೇಲೆ ನೋಡಿದರೆ ಆರೇಳು ಕಡೆ ಸಂದು ಬಾಯಿಬಿಟ್ಟಿದೆ. ಒಂದರಲ್ಲಿ ಪೋಸ್ಟ್‌ಕಾರ್ಡ್ ತೂರುತ್ತದೆ. ಎಲ್ಲವನ್ನೂ ಕಿತ್ತು ಮತ್ತೆ ಕಟ್ಟಬೇಕೇ? ಕೊನೆಗೆ ಹಾಯಿಗಳನ್ನು ಹಾಕಬೇಕೇ, ಬೇಡವೇ? ಈ ಹಡಗು ನಮ್ಮ ಕಾಫಿಯನ್ನು ಒಯ್ದಿತ್ತೇ ಎಂದು ಮೊಮ್ಮಗಳು ಕೇಳುತ್ತಾಳೆ. ಏನು ಹೇಳಲಿ?

ಉತ್ತರ: ಕೀಳಬೇಡಿ ರೈಟರೇ. ಈ ಉತ್ತರ ತಲುಪುವಷ್ಟರಲ್ಲಿ ಒಂದು ಪಟ್ಟಿಯನ್ನೂ ಎಬ್ಬಿಸಿರಬಾರದು ಎಂದು ಹಾರೈಸುತ್ತಾ ಬರೆಯುತ್ತಿದ್ದೇನೆ.

ಆದದ್ದೇನು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿಯ, ಅಂದರೆ ಒಳಸಿಪ್ಪೆ ಇನ್ನೂ ಇರುವ ಬೀಜದ, ತೇವ ಶೇ 10ಕ್ಕೆ ಇಳಿಯುವವರೆಗೆ ಚೀಲಕ್ಕೆ ತುಂಬಲು ಬಿಡದೆ ಕಾದವರು ನೀವು. ಮರವೂ ಅಷ್ಟೇ. ಆಷಾಢದ ಗಾಳಿಯಲ್ಲಿ ಅದು ನೀರು ಕುಡಿದು ಅಡ್ಡಕ್ಕೆ ಉಬ್ಬುತ್ತದೆ, ಮಾಘದ ಒಣಗಾಳಿಗೆ ಅಡ್ಡಕ್ಕೇ ಕುಗ್ಗುತ್ತದೆ. ಎಳೆಯುದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ನಿಮ್ಮ ಪಟ್ಟಿಗಳು ತುದಿಯಲ್ಲಿ ಬಿಡದೆ ಪಕ್ಕದಲ್ಲಿ ಬಿಟ್ಟಿವೆ. ಉಬ್ಬಿದ ಮರವನ್ನು ಅಳೆದು ಅಂಟಿಸಿದಿರಿ, ಅಷ್ಟೇ. ಕೈಗೆಲಸದಲ್ಲಿ ತಪ್ಪಿಲ್ಲ.

ಸಂದುಗಳನ್ನು ಈಗಲೇ ತುಂಬಲೂ ಬೇಡಿ. ಚಿಕ್ಕಮಗಳೂರಿನ ನನ್ನ ಮನೆಯಲ್ಲಿ ಮೊದಲ ಹಡಗು ಕಟ್ಟಿದಾಗ ನಾನು ಮಾಡಿದ್ದು ಅದನ್ನೇ. ಮಾರ್ಚ್ ತಿಂಗಳಲ್ಲಿ ತೇಗದ ತೆಳು ಚಕ್ಕೆಗಳನ್ನು ಕೆತ್ತಿ ಸಂದುಗಳಿಗೆ ಬಿಗಿಯಾಗಿ ಕೂರಿಸಿದೆ. ಜುಲೈ ಮಳೆಗೆ ಪಟ್ಟಿಗಳು ಮತ್ತೆ ಉಬ್ಬಿದವು. ಪಕ್ಕಕ್ಕೆ ಸರಿಯಲು ಜಾಗವಿಲ್ಲದೆ ಹಡಗಿನ ಒಳಚೌಕಟ್ಟಿನ ಪಕ್ಕೆಲುಬುಗಳಿಂದ ಎದ್ದು ಬಂದವು. ಒಂದು ರಾತ್ರಿ ಚಟ್ ಎಂಬ ಸದ್ದು ಕೇಳಿ ಎದ್ದು ದೀಪ ಹಾಕಿದಾಗ ಕಂಡ ಆ ಹೊಟ್ಟೆಯುಬ್ಬಿದ ಹಡಗು ಇನ್ನೂ ಕಣ್ಣ ಮುಂದಿದೆ. ಸಂದಾದರೆ ತುಂಬಬಹುದು, ಎದ್ದ ಪಟ್ಟಿ ಹಿಂದಿನಂತೆ ಕೂರುವುದಿಲ್ಲ.

ಮಳೆಗಾಲ ಮುಗಿಯಲಿ. ಕಾರ್ತಿಕದಲ್ಲಿ ಮರ ಪೂರ್ತಿ ಉಬ್ಬಿಯೂ ಇರುವುದಿಲ್ಲ, ಪೂರ್ತಿ ಕುಗ್ಗಿಯೂ ಇರುವುದಿಲ್ಲ. ಆಗ ಉಳಿದಿರುವ ಸಂದಿಗೆ ಅದೇ ಸಿಲ್ವರ್ ಓಕ್‌ನ ತೆಳು ಚಕ್ಕೆಯನ್ನು, ಒಂದೇ ಅಂಚಿಗೆ ಅಂಟು ಹಚ್ಚಿ, ಒತ್ತಡವಿಲ್ಲದೆ ಇಡಿ. ಒಣಗಿದ ಮೇಲೆ ಅರಗಿನ ಪಾಲಿಶ್ ಹಚ್ಚಿ, ಹೊರಗೆ ಮಾತ್ರವಲ್ಲ, ಡೆಕ್ ಮುಚ್ಚುವ ಮೊದಲು ಒಳಗೂ. ಒಳಮೈಯನ್ನು ಬರಿದಾಗಿ ಬಿಟ್ಟರೆ ತೇವ ಆ ದಾರಿಯಿಂದ ಬರುತ್ತದೆ. ಅಲ್ಲಿಯವರೆಗೆ ಹಡಗನ್ನು ಹಳೆಯ ಮನೆಗಳಲ್ಲಿ ಒಲೆಯ ಮೇಲಿರುವಂಥ ಬಿಸಿ ಅಟ್ಟದಲ್ಲಿ ಇಡಬೇಡಿ, ಅತಿಯಾಗಿ ಒಣಗುತ್ತದೆ.

ಇನ್ನೊಂದು ಸಮಾಧಾನ ಈ ಹಡಗಿನಲ್ಲೇ ಇದೆ. ಕಟಿ ಸಾರ್ಕ್ ಕಬ್ಬಿಣದ ಪಕ್ಕೆಲುಬಿಗೆ ಮರದ ಹಲಗೆ ಹೊದಿಸಿ ಕಟ್ಟಿದ ಹಡಗು. ಆ ಹಲಗೆಗಳ ನಡುವೆಯೂ ಸಂದುಗಳಿದ್ದವು, ಅವುಗಳಿಗೆ ಹಳೆಯ ಹಗ್ಗದ ನಾರು ತುರುಕಿ ರಾಳ ಹಾಕುತ್ತಿದ್ದರು. ನೀರಿನಿಂದ ಮೇಲಿನ ಮೈಗೆ ಕಪ್ಪು ಬಣ್ಣ, ಕೆಳಗಿನ ಮೈಗೆ ಲೋಹದ ತಗಡು. ನಿಮ್ಮ ಮಾದರಿಯಲ್ಲೂ ಬರಿಯ ಮರ ಹೊರಗೆ ಕಾಣುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಅನೇಕರು ಕೆಂಪು ತಾಮ್ರದ ಹಾಳೆ ಅಂಟಿಸುತ್ತಾರೆ. ಈ ಹಡಗಿನದು ಮುಂಟ್ಸ್ ಲೋಹ, ಸುಮಾರು ಶೇ 60 ತಾಮ್ರ, ಶೇ 40 ಸತು. ಅಂದರೆ ಹಿತ್ತಾಳೆ. ದೇವರಮನೆಯ ದೀಪದ ಕಂಬದ ಬಣ್ಣ ಬರಬೇಕು. ತೆಳುವಾದ ಹಿತ್ತಾಳೆ ಹಾಳೆಯನ್ನು ಅರ್ಧ ಅಂಗುಲ ಉದ್ದದ ತುಂಡುಗಳಾಗಿ ಕತ್ತರಿಸಿ ಹಿಂಭಾಗದಿಂದ ಮುಂದಕ್ಕೆ ಹೊದಿಸಿ. ಮುಂದಿನ ತುಂಡಿನ ಅಂಚು ಹಿಂದಿನದರ ಮೇಲೆ ಬರಲಿ. ಹೆಂಚು ಹೊದಿಸುವಾಗ ಸೂರಿನಿಂದ ಶುರುಮಾಡುವುದಿಲ್ಲವೇ, ಕಾರಣ ಅದೇ: ಹರಿದು ಬರುವ ನೀರಿಗೆ ಅಂಚು ಸಿಗಬಾರದು.

ಕಾರ್ತಿಕದವರೆಗೆ ಕೈಕಟ್ಟಿ ಕೂರುವ ಅಗತ್ಯವಿಲ್ಲ. ಮೂಲದ ಒಂದು ಅಡಿ ನಿಮಗೆ ಅಂಗುಲದ ಎಂಟನೇ ಒಂದು ಭಾಗ, ಬಡಗಿಗಳ ಮಾತಿನಲ್ಲಿ ಒಂದು ನೂಲು. ಹಡಗಿನ ಉದ್ದ 212 ಅಡಿ 6 ಅಂಗುಲ, ನಿಮ್ಮಲ್ಲಿ ಇಪ್ಪತ್ತಾರೂವರೆ ಅಂಗುಲಕ್ಕೆ ಸ್ವಲ್ಪ ಮೇಲೆ. ಅಗಲ 36 ಅಡಿ, ನಿಮ್ಮಲ್ಲಿ ನಾಲ್ಕೂವರೆ ಅಂಗುಲ. ನಡುಗಂಬ ಸುಮಾರು 152 ಅಡಿ, ನಿಮ್ಮಲ್ಲಿ 19 ಅಂಗುಲ. ಕಂಬಗಳನ್ನು ಹಳೆಯ ಬಾಗಿಲುಪಟ್ಟಿಯ ತೇಗದಲ್ಲಿ ಕೆತ್ತಿ, ಅಡ್ಡಕೋಲುಗಳನ್ನು ಬಿದಿರಿನ ಸೀಳಿನಲ್ಲಿ ಮಾಡಿ. ಇವಕ್ಕೆ ಸಿಲ್ವರ್ ಓಕ್ ಬೇಡ. ಅದರ ಹೊಳೆಯುವ ಚುಕ್ಕೆಗಳು ಮೇಜಿಗೆ ಚಂದ, ಇಷ್ಟು ಸಣ್ಣ ಕೆಲಸಕ್ಕೆ ದೊಡ್ಡದಾಗಿ ಕಾಣುತ್ತವೆ.

ಹಗ್ಗಗಳನ್ನು ಬಿಗಿಯಲು ಸಾಲಾಗಿ ನಿಲ್ಲುವ ಮೂರು ತೂತಿನ ಗುಂಡು ಮರಗಳನ್ನು, ಡೆಡ್‌ಐಗಳನ್ನು, ನೋಡಿರುತ್ತೀರಿ. ಈ ಅಳತೆಯಲ್ಲಿ ಅವು ಸಾಸಿವೆ ಕಾಳಿನಷ್ಟು. ಹೊರದೇಶದಲ್ಲಿ ಬಾಕ್ಸ್‌ವುಡ್ ಹುಡುಕುತ್ತಾರೆ. ನಿಮಗೆ ಅದು ಬೇಡ, ತೋಟದಲ್ಲಿ ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಬೊಡ್ಡೆ ತನ್ನಿ. ನುಣುಪಾದ, ಒತ್ತಾದ ಎಳೆ. ತೂತು ಕೊರೆದರೂ ಸೀಳುವುದಿಲ್ಲ. ಬೊಡ್ಡೆಯಿಂದ ಸಣ್ಣ ಕಡ್ಡಿಯನ್ನು ಗುಂಡಗೆ ಹೆರೆದು, ಮೊದಲು ಮೂರು ತೂತು ಕೊರೆದು, ಆಮೇಲೆ ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ. ಕತ್ತರಿಸಿದ ಮೇಲೆ ಕೊರೆಯಲು ಹೋದರೆ ಕೈಯಲ್ಲಿ ನಿಲ್ಲದು.

ನಿಜವಾದ ಹಡಗಿನಲ್ಲಿ 11 ಮೈಲಿ ಹಗ್ಗವಿತ್ತು. ನಿಮಗೆ ಸುಮಾರು 185 ಮೀಟರ್ ದಾರ ಬೇಕು. ಹತ್ತಿ ದಾರ ಬೇಡವೇ ಬೇಡ. ಮಳೆಯಲ್ಲಿ ಬಿಗಿದು ಬೇಸಿಗೆಯಲ್ಲಿ ಜೋತುಬೀಳುತ್ತದೆ. ಪಾಲಿಯೆಸ್ಟರ್ ದಾರವನ್ನು ಜೇನುಮೇಣದ ಮೇಲೆ ಎರಡು ಸಲ ಎಳೆದು ಬಳಸಿ. ಕಂಬವನ್ನು ಹಿಡಿದಿಡುವ ಹಗ್ಗಗಳಿಗೆ ಕಪ್ಪು, ಎಳೆದು ಬಿಡುವ ಹಗ್ಗಗಳಿಗೆ ತೆಂಗಿನ ನಾರಿನ ತಿಳಿ ಬಣ್ಣ.

ಕಂಬ ಹತ್ತುವ ಹಗ್ಗದ ಏಣಿಯ ಮೆಟ್ಟಿಲುಗಳಲ್ಲಿ ನಿಮ್ಮ ತಾಳ್ಮೆ ಹೆಚ್ಚು ಖರ್ಚಾಗುತ್ತದೆ. ನೇರ ಹಗ್ಗಗಳ ಹಿಂದೆ ಗ್ರಾಫ್ ಹಾಳೆ ಸಿಕ್ಕಿಸಿ, ನಾಲ್ಕು ಮಿಲಿಮೀಟರಿಗೊಂದು ಅಡ್ಡದಾರ ಕಟ್ಟಿ. ದಾರವನ್ನು ಹಗ್ಗದ ಮೇಲೆ ಒಮ್ಮೆ ಸುತ್ತಿ, ತನ್ನನ್ನೇ ದಾಟಿಸಿ, ಇನ್ನೊಮ್ಮೆ ಸುತ್ತಿ, ಆ ಸುತ್ತಿನ ಅಡಿಯಿಂದ ತುದಿ ಎಳೆಯಿರಿ. ಹಸುವನ್ನು ಗೂಟಕ್ಕೆ ಕಟ್ಟುವವರ ಕೈಗೆ ಈ ಗಂಟು ಹೊಸದಲ್ಲ. ಎಳೆಯುವಾಗ ಮಾತ್ರ ಕೈ ಹಗುರವಾಗಿರಲಿ. ಒಂದೊಂದು ಗಂಟೂ ಕೂದಲೆಳೆಯಷ್ಟು ಹೆಚ್ಚು ಬಿಗಿದರೆ, ಇಪ್ಪತ್ತನೇ ಮೆಟ್ಟಿಲಿಗೆ ಏಣಿಯ ನಡು ಡಮರುಗದಂತೆ ಸೊರಗಿರುತ್ತದೆ. ದಿನಕ್ಕೆ ಐದು ಮೆಟ್ಟಿಲು ಸಾಕು.

ಹಾಯಿ ಹಾಕಬೇಡಿ. ಎಷ್ಟು ನಯವಾದ ಬಟ್ಟೆ ತಂದರೂ ಈ ಅಳತೆಯಲ್ಲಿ ಅದರ ನೇಯ್ಗೆ ಗೋಣಿಯಂತೆ ಕಾಣುತ್ತದೆ. ನೀವು ಕಟ್ಟಿದ ನೂರಾರು ಗಂಟುಗಳೂ ಅದರ ಹಿಂದೆ ಮರೆಯಾಗುತ್ತವೆ.

ಮೊಮ್ಮಗಳ ಪ್ರಶ್ನೆ ನನಗೆ ತುಂಬ ಹಿಡಿಸಿತು. ಇದು ಚೀನಾದಿಂದ ಲಂಡನ್ನಿಗೆ ಚಹಾ ತರಲು ಕಟ್ಟಿದ ಹಡಗು ಎಂದು ಹೇಳಿ. ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ 1869ರ ನವೆಂಬರ್ 22ರಂದು ನೀರಿಗಿಳಿಯಿತು. ಅದಕ್ಕೆ ಐದೇ ದಿನ ಮೊದಲು, ನವೆಂಬರ್ 17ರಂದು, ಸೂಯೆಜ್ ಕಾಲುವೆ ತೆರೆದಿತ್ತು. ಹಬೆಹಡಗುಗಳು ಆ ಹತ್ತಿರದ ದಾರಿ ಹಿಡಿದವು. ಗಾಳಿಯನ್ನು ನಂಬಿದ ಹಡಗಿಗೆ ಆ ದಾರಿ ಒಗ್ಗಲಿಲ್ಲ. ಎಂಟು ಸಲ ಚಹಾ ಹೊತ್ತ ಮೇಲೆ ಅದು ಬೇರೆ ಸರಕಿಗೆ ತಿರುಗಿ, ಆಸ್ಟ್ರೇಲಿಯಾದ ಉಣ್ಣೆ ಸಾಗಿಸುವಾಗ ಹೆಸರು ಗಳಿಸಿತು. 1885ರಲ್ಲಿ ಹೊರಟ ಒಂದು ಪಯಣದಲ್ಲಿ ಸಿಡ್ನಿಯಿಂದ 73 ದಿನಕ್ಕೆ ಇಂಗ್ಲೆಂಡ್ ಮುಟ್ಟಿತು.

ನಮ್ಮ ಕಾಫಿಯ ಕಥೆಯೂ ಆ ಕಾಲುವೆಯ ಪಕ್ಕದಲ್ಲೇ ಇದೆ. ಘಟ್ಟ ಇಳಿದು ಮಂಗಳೂರಿಗೆ ಹೋದ ಬೀಜ ಹಾಯಿಹಡಗಿನಲ್ಲಿ ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಸಾಗುತ್ತಿತ್ತು. ದಾರಿಯಲ್ಲಿ ಕಡಲಿನ ತೇವ ಕುಡಿದು ಉಬ್ಬಿ, ಬಣ್ಣ ಬಿಟ್ಟು ಬಿಳಿಚುತ್ತಿತ್ತು. ಯುರೋಪಿನವರಿಗೆ ಆ ರುಚಿಯೇ ರೂಢಿಯಾಯಿತು. ಪಯಣ ಚಿಕ್ಕದಾದ ಮೇಲೆ ರುಚಿ ಬದಲಾಯಿತೆಂದು ಅವರು ಗೊಣಗಿದಾಗ, ಕರಾವಳಿಯ ಗೋದಾಮುಗಳಲ್ಲಿ ಬೀಜಕ್ಕೆ ಮಳೆಗಾಲದ ಗಾಳಿ ಉಣಿಸುವುದು ಶುರುವಾಯಿತು. ಅದೇ ಮಾನ್ಸೂನ್ಡ್ ಮಲಬಾರ್ ಕಾಫಿ. ನಿಮ್ಮ ಪಟ್ಟಿಗಳನ್ನು ಉಬ್ಬಿಸಿದ್ದೂ ಅದೇ ಗಾಳಿ ಎಂದು ಮೊಮ್ಮಗಳಿಗೆ ಹೇಳಿ.

ಅವಳಿಗೊಂದು ಕೆಲಸವನ್ನೂ ಕೊಡಿ. ಹಡಗಿನ ಮೂತಿಯಲ್ಲಿ ಕೈಚಾಚಿ ನಿಂತ ಹೆಂಗಸಿನ ಬೊಂಬೆಯಿದೆ. ಕವಿ ರಾಬರ್ಟ್ ಬರ್ನ್ಸ್ ಅವರ ಪದ್ಯದ ಮಾಟಗಾತಿ ಅವಳು, ಕೈಯಲ್ಲಿರುವುದು ಓಡುವ ಕುದುರೆಯಿಂದ ಕಿತ್ತ ಬಾಲ. ಹಡಗಿನ ಹುಡುಗರು ಆ ಬಾಲವನ್ನು ಹಗ್ಗ ಬಿಡಿಸಿ ಮಾಡುತ್ತಿದ್ದರಂತೆ. ಒಂದು ಅಂಗುಲ ಸುತಲಿ ದಾರವನ್ನು ಎಳೆ ಬಿಡಿಸಿ, ಬೂದು ಬಣ್ಣ ಹಚ್ಚಿ ಒಣಗಿಸಿಡಲಿ. ಬೊಂಬೆ ಕೆತ್ತಲು ನಿಮಗೆ ಕಾರ್ತಿಕದವರೆಗೆ ಸಮಯವಿದೆ.