ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿದೆ, ಧ್ಯಾನಕ್ಕೆ ಕೂರಲು ಆಗುತ್ತಿಲ್ಲ. ಏನು ಮಾಡಲಿ?

ಕೂರಲೇಬೇಕೆಂದಿಲ್ಲ, ಮಲಗಿಯೇ ಮಾಡಿ. ದೀರ್ಘಕಾಲದ ನೋವಿನ ರೋಗಿಗಳಿಗಾಗಿ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಶುರುಮಾಡಿದ 8 ವಾರಗಳ ಧ್ಯಾನ ತರಬೇತಿ ಕೂಡ ಮಲಗಿ ಮೈಯನ್ನು ಗಮನಿಸುವ ಅಭ್ಯಾಸದಿಂದಲೇ ಆರಂಭವಾಗುತ್ತದೆ. ಮಂಡಿಯ ಕೆಳಗೆ ದಿಂಬಿಡಿ. ಎಡಗಾಲಿನ ಬೆರಳಿಂದ ನೆತ್ತಿಯವರೆಗೆ, ಒಂದೊಂದು ಭಾಗಕ್ಕೂ ಅರ್ಧ ನಿಮಿಷ ಗಮನ ಕೊಡಿ. ಒಟ್ಟು 10 ನಿಮಿಷ ಸಾಕು. ವಾಕರಿಕೆಯಿದ್ದರೆ ಹೊಟ್ಟೆಯನ್ನು ಬಿಟ್ಟು ಮುಂದೆ ಹೋಗಿ. ಉಸಿರಾಟವೇ ಕಷ್ಟವಾಗಿದ್ದರೆ ಉಸಿರನ್ನು ಗಮನಿಸಬೇಡಿ, ಗಾಬರಿ ಹೆಚ್ಚಬಹುದು. ಅಂಗೈಯ ಬಿಸಿಯನ್ನೋ ಫ್ಯಾನಿನ ಸದ್ದನ್ನೋ ಹಿಡಿಯಿರಿ. ಮನಸ್ಸು ಖಾಲಿಯಾಗಬೇಕೆಂದು ಹಟ ಹಿಡಿದವರೇ ಬೇಗ ಕೈಬಿಡುವುದು. ನಿದ್ದೆ ಬಂದರೆ ಬರಲಿ, ದಣಿದ ಮೈಗೆ ಅದೂ ಬೇಕಲ್ಲ! ಇದು ಗೆಡ್ಡೆಯನ್ನು ಕರಗಿಸದು, ಔಷಧಿ ನಿಲ್ಲಿಸಬೇಡಿ. ಎರಡು ವಾರವಾದರೂ ಊಟ, ನಿದ್ದೆ ಬೇಡವೆನಿಸುತ್ತಿದ್ದರೆ ನಿಮ್ಮ ಡಾಕ್ಟರಿಗೆ ತಿಳಿಸಿ.