ಗರೋನ್ ದಂಡೆಯಲ್ಲಿ ಸೈಕಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಫ್ರಾನ್ಸಿನ ಹಳ್ಳಿಗಾಡಿನ ಸೈಕಲ್ ಪ್ರವಾಸವನ್ನು ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಹೆಚ್ಚಿನವು ಕಾಸರಗೋಡಿನ ಕಡೆಯವು, ಒಂದು ಹೊಸೂರಿನದು.

ಪ್ರಶ್ನೆ: ನಾನು ಪೆರ್ಲದ ಸಮೀಪದ ಅಡಿಕೆ ಕೃಷಿಕ, ಪ್ರಾಯ 58. ಮಗನೂ ಸೊಸೆಯೂ ಟುಲೂಸಿನಲ್ಲಿ ಉದ್ಯೋಗದಲ್ಲಿದ್ದಾರೆ. ಮುಂದಿನ ವರ್ಷ ನಾನೂ ಮನೆಯವಳೂ ಅಲ್ಲಿಗೆ ಹೋದಾಗ ಎಲ್ಲರೂ ಸೇರಿ ಒಂದು ವಾರ ಸೈಕಲಿನಲ್ಲಿ ತಿರುಗಾಡುವ ಯೋಚನೆಯಿದೆ. ಮಗ ಲುವಾರ್ ನದಿಯ ಅರಮನೆಗಳ ದಾರಿಯನ್ನು ಹೇಳುತ್ತಾನೆ. ನನಗೆ ಕೃಷಿಯನ್ನೂ ಹಳೆಯ ಪೇಟೆಗಳನ್ನೂ ನೋಡುವ ಆಸೆ. ನಾನು ಈಗಲೂ ಸೈಕಲ್ ತುಳಿಯುವವನೇ, ಆದರೆ ಏರು ಬಂದರೆ ಇಳಿದು ತಳ್ಳುತ್ತೇನೆ. ಯಾವ ದಾರಿ, ಯಾವ ತಿಂಗಳು ಸೂಕ್ತ?

ಉತ್ತರ: ಲುವಾರ್ ದಾರಿ ಸಮತಟ್ಟಾದದ್ದು, ಫಲಕಗಳು ಚೆನ್ನಾಗಿವೆ, ಮೊದಲ ಬಾರಿ ಹೋಗುವವರು ಅದನ್ನು ಆರಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿ ಒಂದೊಂದು ಅರಮನೆಗೂ ಅರ್ಧ ದಿನ ಕೊಡಬೇಕಾಗುತ್ತದೆ, ಮತ್ತು ನಿಮ್ಮ ಆಸಕ್ತಿ ಅದಲ್ಲವೆಂದು ನೀವೇ ಬರೆದಿದ್ದೀರಿ. ಮಗನ ಮನೆ ಟುಲೂಸಿನಲ್ಲೇ ಇರುವಾಗ ಬೋರ್ಡೋವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಸೈಕಲಿನಲ್ಲಿ ಮನೆಗೆ ಮರಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಟ್ಟು ದೂರ 250 ಕಿ.ಮೀ. ಆಸುಪಾಸು. ದಿನಕ್ಕೆ 40 ಕಿ.ಮೀ.ಯಂತೆ ಹೋದರೆ ವಾರದೊಳಗೆ ಮುಗಿಯುತ್ತದೆ, ನಿಂತು ನೋಡುವುದಕ್ಕೂ ಹೊತ್ತು ಉಳಿಯುತ್ತದೆ.

ಬೋರ್ಡೋದಿಂದ ಹೊರಡುವ ಮೊದಲ ಸುಮಾರು 55 ಕಿ.ಮೀ. ಹಳೆಯ ರೈಲುಹಳಿ ಇದ್ದ ಜಾಗದಲ್ಲಿ ಮಾಡಿದ ಸೈಕಲ್ ದಾರಿ. 1937ರ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯವನ್ನು ಗೆದ್ದ ರೋಜೇ ಲಪೇಬೀ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ರೈಲು ಏರಬಹುದಾದಷ್ಟೇ ಏರು ಅಲ್ಲಿರುವುದರಿಂದ ನೀವು ಇಳಿದು ತಳ್ಳಬೇಕಾಗಿ ಬರಲಾರದು. ಗರೋನ್ ಮತ್ತು ದೋರ್ದೋಞ್ ನದಿಗಳ ನಡುವಿನ ಈ ನಾಡು ದ್ರಾಕ್ಷಿತೋಟ, ಕಾಡಿನ ತುಣುಕು ಮತ್ತು ಹುಲ್ಲುಗಾವಲುಗಳಿಂದ ತುಂಬಿದೆ. ಕ್ರೆಯೋಂ ಎಂಬ ಪೇಟೆಯ ಹಳೆಯ ರೈಲು ನಿಲ್ದಾಣ ಈಗ ಸೈಕಲ್ ಸವಾರರ ತಂಗುದಾಣವಾಗಿದೆ. ಅದನ್ನು ದಾಟಿದ ಮೇಲೆ ಲಾ ಸೋವ್-ಮಜೂರ್ ಎಂಬಲ್ಲಿ 1079ರಲ್ಲಿ ಸ್ಥಾಪನೆಯಾದ ಮಠದ ಅವಶೇಷ ಸಿಗುತ್ತದೆ. ಅದರ ಮಾಡು ಹೋಗಿದ್ದರೂ ಕಂಬಗಳ ತಲೆಯ ಮೇಲಿನ ಕೆತ್ತನೆ ಉಳಿದಿದೆ. ದಾರಿ ಕೊನೆಗೊಳ್ಳುವುದು ಸೋವ್‌ಟೆರ್-ದ-ಗಿಯೆನ್ ಪೇಟೆಯಲ್ಲಿ. ಅಲ್ಲಿಂದ ಲಾ ರೆಯೋಲ್‌ವರೆಗಿನ ಹದಿನೈದು ಕಿ.ಮೀ.ಯಷ್ಟು ದೂರ ಸಣ್ಣ ರಸ್ತೆಗಳಲ್ಲಿ ಸ್ವಲ್ಪ ಏರಿಳಿತವಿದೆ, ಆದರೆ ನಮ್ಮ ಗುಡ್ಡದ ರಸ್ತೆಗಳನ್ನು ಕಂಡವರಿಗೆ ಅದು ಲೆಕ್ಕಕ್ಕಿಲ್ಲ.

ಲಾ ರೆಯೋಲ್‌ನಲ್ಲಿ ನದಿ ದಾಟಿದರೆ ಗರೋನ್ ಕಾಲುವೆ ಸಿಗುತ್ತದೆ. 1856ರಲ್ಲಿ ಪೂರ್ಣಗೊಂಡ, 193 ಕಿ.ಮೀ. ಉದ್ದದ ಈ ಕಾಲುವೆಯ ದಂಡೆಗೆ ಡಾಮರು ಹಾಕಲಾಗಿದೆ, ಬಹಳ ದೂರದವರೆಗೆ ಮರಗಳ ನೆರಳಿದೆ, ಮತ್ತು ದೋಣಿಗಳನ್ನು ಏರಿಸಿ ಇಳಿಸುವ ತೂಬುಗಟ್ಟೆಗಳ ಬಳಿ ಬರುವ ಚಿಕ್ಕ ಏರುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಸಮತಟ್ಟು. ಅಜಾಂ ಪಟ್ಟಣದಲ್ಲಿ ಕಾಲುವೆಯೇ 23 ಕಮಾನುಗಳ ಕಲ್ಲಿನ ಸೇತುವೆಯ ಮೇಲೆ ಹರಿದು ನದಿಯನ್ನು ದಾಟುತ್ತದೆ. ದೋಣಿಯ ಪಕ್ಕದಲ್ಲೇ ಸೈಕಲ್ ತುಳಿದು ಹೋಗಬಹುದು. ಈ ಸೀಮೆ ಒಣಗಿಸಿದ ಪ್ಲಮ್ ಹಣ್ಣಿಗೆ ಹೆಸರಾದದ್ದು. ಮುಂದೆ ಮ್ವಾಸಾಕ್‌ನಲ್ಲಿ ತಿನ್ನುವ ದ್ರಾಕ್ಷಿಯಾದ ಶಾಸ್ಲಾದ ತೋಟಗಳಿವೆ. 1971ರಲ್ಲಿ ಆ ಹಣ್ಣಿಗೆ ಊರಿನ ಹೆಸರಿನ ಕಾನೂನು ರಕ್ಷಣೆ ದೊರೆಯಿತು. ಅಲ್ಲಿನ ಮಠದ ಒಳಾಂಗಣ 1100ರಲ್ಲಿ ಪೂರ್ಣಗೊಂಡದ್ದು, ಅದರ 76 ಕಂಬಶಿರಗಳನ್ನು ಅವಸರವಿಲ್ಲದೆ ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಹಳಿ ಹಾಕುವಾಗ ಮಠದ ಊಟದ ಮನೆಯನ್ನು ಕೆಡವಿದರು, ಈಗಲೂ ಗೋಡೆಯ ಮಗ್ಗುಲಲ್ಲೇ ರೈಲು ಓಡುತ್ತದೆ. ಟುಲೂಸಿನಿಂದ ಮುಂದೆ ಪ್ರಸಿದ್ಧವಾದ ಮಿದಿ ಕಾಲುವೆ ಇದೆಯಲ್ಲ ಎಂದು ಆಸೆಪಡಬೇಡಿ. ಅದರ ದಂಡೆ ನಗರ ದಾಟಿ ಮುಂದೆ ಹೋದಂತೆ ಮಣ್ಣು ಮತ್ತು ಮರದ ಬೇರುಗಳಿಂದ ಕೂಡಿದೆ, ಮಳೆ ಬಂದರೆ ಜಾರುತ್ತದೆ.

ತಿಂಗಳಿನ ವಿಷಯದಲ್ಲಿ ನಿಮ್ಮ ತೋಟವೇ ಉತ್ತರ ಹೇಳುತ್ತದೆ. ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಒಂದು ಬಾರಿ ಮದ್ದು ಬಿಟ್ಟು, ಮತ್ತೆ ನಲವತ್ತು-ನಲವತ್ತೈದು ದಿನಗಳಿಗೆ ಎರಡನೆಯ ಬಾರಿ ಬಿಡುವವರಿಗೆ ಜೂನ್ ತಿಂಗಳಲ್ಲಿ ಬಿಡುವು ಸಿಗುತ್ತದೆ, ಮತ್ತು ಆ ಸೀಮೆಗೆ ಹೋಗಲು ಜೂನ್ ತಿಂಗಳೇ ಉತ್ತಮ. ರಾತ್ರಿ ಒಂಬತ್ತೂವರೆ ದಾಟಿದರೂ ಬೆಳಕಿರುತ್ತದೆ, ಆಗಸ್ಟಿನ ರಜೆಯ ಗದ್ದಲ ಆರಂಭವಾಗಿರುವುದಿಲ್ಲ, ಗೋಧಿ ಬಲಿತಿರುತ್ತದೆ. ಕೆಲವು ವರ್ಷ ಜೂನಿನಲ್ಲೇ ಬಿಸಿಗಾಳಿ ಬೀಸಿ ಉಷ್ಣತೆ 35 ಡಿಗ್ರಿ ದಾಟುವುದುಂಟು. ಅಂಥ ದಿನಗಳಲ್ಲಿ ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ತಂಗುವುದು ಒಳ್ಳೆಯದು.

ಇನ್ನೊಂದು ಕಾರಣಕ್ಕೂ ನಿಮಗೆ ಜೂನ್ ಹಿಡಿಸಬಹುದು. ದ್ರಾಕ್ಷಿ ಬೆಳೆಗಾರರು ಬೂಜುರೋಗಕ್ಕೆ ಮದ್ದು ಸಿಂಪಡಿಸುವ ಕಾಲವೂ ಅದೇ. ಕೊಳೆರೋಗಕ್ಕೆ ನಾವು ಬಳಸುವ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ ಹುಟ್ಟಿದ್ದು ಬೋರ್ಡೋದ ತೋಟಗಳಲ್ಲಿ. ಹಣ್ಣು ಕದಿಯುವವರನ್ನು ದೂರವಿಡಲೆಂದು ದಾರಿಬದಿಯ ಬಳ್ಳಿಗಳಿಗೆ ಅದನ್ನು ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳ ಎಲೆ ಮಾತ್ರ ಉದುರದೆ ಉಳಿದಿದ್ದನ್ನು 1882ರಲ್ಲಿ ಗಮನಿಸಿದ ಸಸ್ಯಶಾಸ್ತ್ರಜ್ಞ ಪಿಯೆರ್ ಮಾರೀ ಅಲೆಕ್ಸಿ ಮಿಯಾರ್ದೆ, ಪ್ರಯೋಗಗಳನ್ನು ನಡೆಸಿ 1885ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಈಗ ತಾಮ್ರ ಮಣ್ಣಿನಲ್ಲಿ ಸೇರಿಕೊಳ್ಳುವ ಭಯದಿಂದ ಯುರೋಪಿನ ಒಕ್ಕೂಟ ಏಳು ವರ್ಷಗಳಿಗೆ ಒಂದು ಹೆಕ್ಟೇರಿಗೆ 28 ಕೆ.ಜಿ. ತಾಮ್ರವೆಂಬ ಮಿತಿಯನ್ನು ಹಾಕಿದೆ. ಇದರ ಬಗ್ಗೆ ಬೆಳೆಗಾರರೊಡನೆ ಮಾತನಾಡಲು ಮಗನ ದುಭಾಷಿತನ ಬೇಕಾದೀತು. ಮದ್ದು ಬಿಡುತ್ತಿರುವ ತೋಟದೊಳಗೆ ಮಾತ್ರ ಕಾಲಿಡಬೇಡಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಹಳ್ಳಿಗಳಲ್ಲಿ ಊಟಕ್ಕೆ ಏನು ಮಾಡುವುದು? ಮನೆಯಿಂದ ತಿಂಡಿ ಕಟ್ಟಿಕೊಂಡು ಹೋಗಬಹುದೇ? (ಗೃಹಿಣಿ, ಬದಿಯಡ್ಕ)

ಉತ್ತರ: ಈ ಪ್ರವಾಸದಲ್ಲಿ ಕಷ್ಟ ಕೊಡುವುದು ದಾರಿಗಿಂತ ಊಟವೇ ಎಂದು ಮೊದಲೇ ತಿಳಿದಿರುವುದು ಒಳ್ಳೆಯದು. ನೈರುತ್ಯ ಫ್ರಾನ್ಸಿನಲ್ಲಿ ಬಾತುಕೋಳಿಯ ಕೊಬ್ಬಿನಲ್ಲಿ ಆಲೂಗಡ್ಡೆ ಹುರಿಯುವ ರೂಢಿಯಿದೆ, ಸಲಾಡ್ ಕೇಳಿದರೆ ಅದರ ಮೇಲೆ ಹಂದಿಮಾಂಸದ ಚೂರುಗಳು ಬರಬಹುದು, ತರಕಾರಿ ಸೂಪಿಗೂ ಮಾಂಸದ ಸಾರು ಸೇರಿರಬಹುದು. ಹಲವು ಹೆಸರಾಂತ ಚೀಸ್‌ಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ, ಬೇಕರಿಯ ಸಿಹಿತಿಂಡಿಗಳಲ್ಲಿ ಮೊಟ್ಟೆ ಸಾಮಾನ್ಯ. ಉದ್ದನೆಯ ಬಗೆತ್ ಬ್ರೆಡ್ಡಿನಲ್ಲಿ ಮಾತ್ರ ಹಿಟ್ಟು, ನೀರು, ಉಪ್ಪು, ಯೀಸ್ಟ್ ಬಿಟ್ಟು ಮುಖ್ಯವಾಗಿ ಬೇರೇನೂ ಇರುವುದಿಲ್ಲ.

ಆದ್ದರಿಂದ ಅಡಿಗೆಮನೆಯಿರುವ ಬಾಡಿಗೆ ಮನೆಗಳಲ್ಲಿ ರಾತ್ರಿ ತಂಗಿ, ಅನ್ನ-ಸಾರು ಮಾಡಿಕೊಂಡು, ಹಗಲಿಗೆ ಬ್ರೆಡ್, ಟೊಮೇಟೊ, ಹಣ್ಣು, ಬೀಜಗಳನ್ನು ಚೀಲದಲ್ಲಿ ಇಟ್ಟುಕೊಳ್ಳುವುದೇ ಸರಿಯಾದ ಕ್ರಮ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಬಾಗಿಲು ಹಾಕಿ ಎರಡು ಮೂರು ಗಂಟೆಗಳ ಅನಂತರ ತೆರೆಯುತ್ತವೆ, ಭಾನುವಾರ ಮಧ್ಯಾಹ್ನದಿಂದ ಸೋಮವಾರವಿಡೀ ಮುಚ್ಚಿಯೇ ಇರುವುದೂ ಉಂಟು. ಊಟದ ಮನೆಗಳಲ್ಲೂ ಎರಡು ಗಂಟೆಯ ಮೇಲೆ ಹೋದವರಿಗೆ ಏನೂ ಸಿಗುವುದಿಲ್ಲ. ದಿನದ ದೂರವನ್ನು ಲೆಕ್ಕ ಹಾಕುವಾಗ ಇಂಥ ಊರಿಗೆ ಹನ್ನೆರಡರೊಳಗೆ ಮುಟ್ಟಬೇಕು ಎಂದು ಲೆಕ್ಕ ಹಾಕಿರಿ, ಕಿಲೋಮೀಟರು ಆಮೇಲೆ. ಕುಡಿಯುವ ನೀರಿಗೆ ಹಳ್ಳಿಯ ಸ್ಮಶಾನದ ನಲ್ಲಿಯನ್ನು ಅಲ್ಲಿನ ಸೈಕಲ್ ಸವಾರರು ಸಂಕೋಚವಿಲ್ಲದೆ ಬಳಸುತ್ತಾರೆ. ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇಲ್ಲವೆಂಬುದನ್ನು ನೋಡಿಕೊಂಡರೆ ಸಾಕು, ಮನಸ್ಸು ಒಪ್ಪದಿದ್ದರೆ ಬೆಳಿಗ್ಗೆಯೇ ಬಾಟಲಿ ತುಂಬಿಸಿಕೊಳ್ಳಿ.

ಊರಿನಿಂದ ಒಯ್ಯುವ ವಸ್ತುಗಳಲ್ಲಿ ಹಾಲು ಮತ್ತು ಮಾಂಸದ ಪದಾರ್ಥಗಳಿಗೆ ಯುರೋಪಿನ ಒಕ್ಕೂಟದಲ್ಲಿ ಪ್ರವೇಶವಿಲ್ಲ. ತುಪ್ಪವೂ ಇದರಲ್ಲಿ ಸೇರಿದೆ. ಹಸಿ ಹಣ್ಣು-ತರಕಾರಿಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಇದಕ್ಕೆ ಹೊರತಾದ ಐದು ಹಣ್ಣುಗಳಲ್ಲಿ ತೆಂಗಿನಕಾಯಿಯೂ ಬಾಳೆಹಣ್ಣೂ ಸೇರಿರುವುದು ನಮ್ಮ ಕಡೆಯವರ ಪುಣ್ಯ. ಸಾರಿನ ಪುಡಿಗೂ ಒಣ ಚಟ್ನಿಪುಡಿಗೂ ತೊಂದರೆಯಿಲ್ಲ.

ಪ್ರಶ್ನೆ: ನನ್ನ ಸ್ವಂತ ಸೈಕಲನ್ನೇ ವಿಮಾನದಲ್ಲಿ ಒಯ್ಯಬೇಕೆಂದಿದ್ದೇನೆ. ಅಲ್ಲಿನ ರಸ್ತೆಯ ನಿಯಮಗಳೇನು? (ಕಾರ್ಖಾನೆ ನೌಕರ, ಹೊಸೂರು)

ಉತ್ತರ: ಒಂದು ವಾರದ ಪ್ರವಾಸಕ್ಕೆ ಬಾಡಿಗೆ ಸೈಕಲ್ ಸಾಕು. ವಿಮಾನಕ್ಕಾಗಿ ಬಿಚ್ಚಿ ಕಟ್ಟುವ ಶ್ರಮವೂ ಖರ್ಚೂ ತಿಂಗಳುಗಟ್ಟಲೆ ತಿರುಗುವವರಿಗೆ ಮಾತ್ರ ತಕ್ಕದ್ದು. ಬ್ಯಾಟರಿಯ ಸೈಕಲ್ಲಾದರೆ ಪ್ರಶ್ನೆಯೇ ಇಲ್ಲ, ಅಷ್ಟು ದೊಡ್ಡ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನ ಒಪ್ಪುವುದಿಲ್ಲ. ಟೆರ್ ಎಂಬ ಪ್ರಾದೇಶಿಕ ರೈಲುಗಳಲ್ಲಿ ಸಾಮಾನ್ಯವಾಗಿ ಸೈಕಲನ್ನು ಹಾಗೆಯೇ ಹತ್ತಿಸಬಹುದು, ದೂರದ ರೈಲುಗಳಲ್ಲಿ ಅದಕ್ಕೆ ಮೊದಲೇ ಸ್ಥಳ ಕಾಯ್ದಿರಿಸಬೇಕು.

ಸಂಚಾರ ರಸ್ತೆಯ ಬಲಬದಿಯಲ್ಲಿ ಎಂಬುದು ಎಲ್ಲರಿಗೂ ಗೊತ್ತು. ಮೊದಲ ದಿನ ತಪ್ಪುವುದು ಓಡುವಾಗಲ್ಲ, ಬೆಳಿಗ್ಗೆ ಖಾಲಿ ರಸ್ತೆಗೆ ಇಳಿಯುವ ಗಳಿಗೆಯಲ್ಲಿ. ಹಳ್ಳಿಗಳಲ್ಲಿ ಫಲಕವಿಲ್ಲದ ಕೂಡುರಸ್ತೆ ಬಂದರೆ ಬಲಗಡೆಯ ಓಣಿಯಿಂದ ಬರುವವರಿಗೆ ದಾರಿ ಬಿಡಬೇಕು, ಅದು ಎಷ್ಟೇ ಸಣ್ಣ ಓಣಿಯಾದರೂ ಸರಿ. ನಮ್ಮಲ್ಲಿ ದೊಡ್ಡ ರಸ್ತೆಯವನೇ ದೊಡ್ಡವನೆಂಬ ಅಭ್ಯಾಸವಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಸೈಕಲಿಗೆ ಬೆಲ್ಲು, ದೀಪ ಕಡ್ಡಾಯ. ಊರ ಹೊರಗೆ ರಾತ್ರಿ ಹೊತ್ತು ಬೆಳಕು ಪ್ರತಿಫಲಿಸುವ ಅಂಗಿ ತೊಡಬೇಕು, ಕಿವಿಗೆ ಇಯರ್‌ಫೋನ್ ಸಿಕ್ಕಿಸಬಾರದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗಷ್ಟೇ ಹೆಲ್ಮೆಟ್ ಕಡ್ಡಾಯವಾದರೂ ನೀವೂ ಹಾಕಿಕೊಳ್ಳಿ. ವಾಹನಗಳು ಹಳ್ಳಿಗಾಡಿನಲ್ಲಿ ಸೈಕಲಿನಿಂದ ಒಂದೂವರೆ ಮೀಟರ್ ಅಂತರ ಬಿಟ್ಟು ಮುಂದೆ ಹೋಗಬೇಕೆಂಬ ಕಾನೂನಿದೆ.

ಪ್ರಶ್ನೆ: ಆ ಸೀಮೆಯ ಹಲವು ಹಳೆಯ ಪೇಟೆಗಳ ನಕ್ಷೆಯಲ್ಲಿ ನಡುವೆ ಚೌಕ, ಸುತ್ತ ನೇರ ಬೀದಿಗಳು ಕಾಣುತ್ತವೆ. ಕಾರಣವೇನು? (ನಿವೃತ್ತ ಅಧ್ಯಾಪಕ, ಮಂಜೇಶ್ವರ)

ಉತ್ತರ: ಅವು ತಾವಾಗಿ ಬೆಳೆದ ಊರುಗಳಲ್ಲ, ಅಳತೆ ಹಾಕಿ ಕಟ್ಟಿದವು. ಬಾಸ್ತೀದ್ ಎಂದು ಕರೆಯಲಾಗುವ ಇಂಥ ನೂರಾರು ಪೇಟೆಗಳು ಹದಿಮೂರು ಮತ್ತು ಹದಿನಾಲ್ಕನೆಯ ಶತಮಾನಗಳಲ್ಲಿ ಹುಟ್ಟಿದವು. 1152ರಲ್ಲಿ ಅಕ್ವಿತೇನಿನ ಒಡತಿ ಎಲೆನೋರ್, ಎರಡೇ ವರ್ಷಗಳಲ್ಲಿ ಇಂಗ್ಲೆಂಡಿನ ದೊರೆಯಾಗಲಿದ್ದ ಹೆನ್ರಿಯನ್ನು ಮದುವೆಯಾದುದರಿಂದ ಈ ನಾಡು ಇಂಗ್ಲಿಷ್ ಅರಸರ ಕೈಸೇರಿತು. ಅಂದಿನಿಂದ, ಇಂಗ್ಲಿಷರು ಸೋತ 1453ರ ಕಾಸ್ತಿಯೋಂ ಕಾಳಗದವರೆಗೆ ಅವರ ಮತ್ತು ಫ್ರೆಂಚ್ ಅರಸರ ನಡುವಿನ ಗಡಿ ಒಂದು ಕಡೆ ನಿಲ್ಲಲಿಲ್ಲ. ಎರಡೂ ಕಡೆಯ ಒಡೆಯರು ತಮ್ಮ ಅಂಚನ್ನು ಭದ್ರಪಡಿಸಿಕೊಳ್ಳಲು ಮಠಗಳು ಮತ್ತು ಜಮೀನುದಾರರೊಡನೆ ಒಪ್ಪಂದ ಮಾಡಿಕೊಂಡು ಹೊಸ ಪೇಟೆ ಕಟ್ಟಿದರು, ಬಂದು ನೆಲಸುವವರಿಗೆ ಸಮ ಅಳತೆಯ ನಿವೇಶನವನ್ನೂ ಕೆಲವು ಬಿಟ್ಟಿ ಸೇವೆಗಳಿಂದ ಮುಕ್ತಿಯನ್ನೂ ಸನದಿನಲ್ಲಿ ಬರೆದುಕೊಟ್ಟರು. ತೆರಿಗೆ ಬರುತ್ತಿದ್ದುದು ಸಂತೆಯಿಂದ. ಹಾಗಾಗಿ ಇಗರ್ಜಿಗೆ ಬದಲು ಸಂತೆಯ ಚೌಕವೇ ಊರಿನ ನಡುವೆ ಬಂದಿತು, ಅದರ ಸುತ್ತ ಮಳೆ-ಬಿಸಿಲಿಗೆ ಕಮಾನು ಜಗಲಿಗಳು ಬಂದವು.

ಸೋವ್‌ಟೆರ್-ದ-ಗಿಯೆನ್ ಪೇಟೆಯನ್ನು 1281ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ಸ್ಥಾಪಿಸಿದ. ಅದರ ನಾಲ್ಕು ಹೆಬ್ಬಾಗಿಲುಗಳು ಇಂದಿಗೂ ಇವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಮನೆ-ತೋಟ ಇದ್ದಲ್ಲೇ ಇದ್ದು ರಾಜ್ಯ ಮಾತ್ರ ಬದಲಾದುದನ್ನು ಹಿರಿಯರ ಬಾಯಿಂದ ಕೇಳಿದ ನಮ್ಮ ಜಿಲ್ಲೆಯವರಿಗೆ, ದೊರೆಗಳು ಹಲವು ಬಾರಿ ಬದಲಾದರೂ ಸಂತೆಯ ಚೌಕ ಬಿಟ್ಟುಕೊಡದ ಆ ಪೇಟೆ ಅಷ್ಟೇನೂ ಪರಕೀಯವೆನಿಸದು.

ಪ್ರಶ್ನೆ: ಬಂಧುಗಳ ಮನೆಯಲ್ಲಿ ಉಳಿಯುವವರಿಗೆ ವೀಸಾಕ್ಕೆ ಬೇರೆ ಕಾಗದ ಬೇಕೇ? (ಕುಂಬಳೆ)

ಉತ್ತರ: ಬೇಕು. ಉಳಿಸಿಕೊಳ್ಳುವ ಬಂಧುಗಳು ಫ್ರಾನ್ಸಿನ ತಮ್ಮ ಊರಿನ ನಗರಸಭೆಯಿಂದ ಆತಿಥ್ಯದ ಪ್ರಮಾಣಪತ್ರವನ್ನು ಪಡೆದು, ಅದರ ಮೂಲಪ್ರತಿಯನ್ನು ಇಲ್ಲಿಗೆ ಕಳುಹಿಸಬೇಕು. ಸೈಕಲ್ ದಾರಿಯಲ್ಲಿ ಹೊರಗೆ ತಂಗುವ ರಾತ್ರಿಗಳಿಗೆ ಕೋಣೆ ಕಾಯ್ದಿರಿಸಿದ ದಾಖಲೆಯನ್ನು ಪ್ರತ್ಯೇಕವಾಗಿ ಇಡಿ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಬೇಕು, ಆ ವಿಮೆ ಸೈಕಲ್ ಸವಾರಿಯಲ್ಲಿ ಆಗುವ ಪೆಟ್ಟಿಗೂ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಸಲ್ಲಿಸಬಹುದು. ಜೂನಿನಲ್ಲಿ ಹೊರಡುವವರು ನಗರಸಭೆಯ ಆ ಕಾಗದದ ಕೆಲಸವನ್ನು ಫೆಬ್ರವರಿಯಲ್ಲೇ ಆರಂಭಿಸುವುದು ಲೇಸು.